ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ಧರ್ಮಪಾಠ

ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಪ್ರತಿಯೊಂದು ಪ್ರಾಥಮಿಕ ಶಾಲೆಯೂ ಮಕ್ಕಳಿಗೆ ಧರ್ಮಶಿಕ್ಷಣ ಕೊಡಲೇಬೇಕು ಎಂಬುದು ಕಾನೂನು. ಆದರೆ ಏನು ಕಲಿಸಬೇಕೆಂಬುದಕ್ಕೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಇಲ್ಲ. ಒಂದೊಂದು ಪ್ರದೇಶದ ಸ್ಥಳೀಯ ಆಡಳಿತವೂ ತನ್ನದೇ ಪಠ್ಯಕ್ರಮವನ್ನು ಇಟ್ಟುಕೊಂಡು ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸುತ್ತದೆ. ತಂದೆತಾಯಿಗೆ ಬೇಡವೆನಿಸಿದರೆ ಮಗುವನ್ನು ಆ ಪಾಠದಿಂದ ಬಿಡಿಸಬಹುದು. ಕಡ್ಡಾಯ, ಸ್ಥಳೀಯ ಹಿಡಿತ, ವಿನಾಯಿತಿ ಎಂಬ ಈ ಮೂರೂ ಬೇರೆ ಬೇರೆ ಕಾಲದ ಜಗಳಗಳಿಂದ ಹುಟ್ಟಿದವು. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆಂದೇ ಇರುವ ಈ ಪಾಠವನ್ನು ಬಹುಕಾಲ ರೂಪಿಸಿದ್ದು ದೊಡ್ಡವರು ತಮ್ಮತಮ್ಮೊಳಗೆ ಮಾಡಿಕೊಂಡ ರಾಜಿಗಳು. ಮಗುವಿಗೆ ಏನು ಅರ್ಥವಾಗುತ್ತದೆ, ಏನು ಬೇಕು ಎಂಬ ಪ್ರಶ್ನೆ ಏಳಲು ಒಂದೂವರೆ ಶತಮಾನವೇ ಹಿಡಿಯಿತು.

ಬಡವರ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಇಂಗ್ಲೆಂಡಿನಲ್ಲಿ ಮೊದಲಿಗೆ ಸರ್ಕಾರದ್ದಾಗಿರಲಿಲ್ಲ. 1780ರಲ್ಲಿ ಗ್ಲಾಸ್ಟರ್ ಪಟ್ಟಣದ ಪತ್ರಿಕೋದ್ಯಮಿ ರಾಬರ್ಟ್ ರೈಕ್ಸ್ ಭಾನುವಾರದ ಶಾಲೆಗಳನ್ನು ಜನಪ್ರಿಯಗೊಳಿಸಿದ. ವಾರವೆಲ್ಲ ದುಡಿಯುವ ಮಕ್ಕಳು ರಜೆಯ ದಿನ ಬೈಬಲ್ ಓದುವಷ್ಟು ಕಲಿಯಲಿ ಎಂಬುದು ಅಲ್ಲಿನ ಉದ್ದೇಶ. ಅದಾದ ಮೇಲೆ ಬಂದ ದಿನದ ಶಾಲೆಗಳ ಹಿಂದೆ ದಕ್ಷಿಣ ಭಾರತದ ನಂಟೊಂದಿದೆ. ಸ್ಕಾಟ್ಲೆಂಡಿನ ಪಾದ್ರಿ ಆ್ಯಂಡ್ರೂ ಬೆಲ್ 1789ರಿಂದ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮವನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿನ ಊರಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡು ತನ್ನ ಆಶ್ರಮದಲ್ಲೂ ಅದನ್ನೇ ತಂದ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಕ್ರಮವನ್ನೂ ಕಟ್ಟಿದ. ಕನ್ನಡನಾಡಿನ ಕೂಲಿಮಠಗಳಲ್ಲಿ ಐಗಳ ಮುಂದೆ ಮರಳು ಹರವಿ ಕೂರುತ್ತಿದ್ದ ಮಕ್ಕಳಿಗೂ ಈ ಪದ್ಧತಿ ಹೊಸದೇನಲ್ಲ. ಬೆಲ್ 1797ರಲ್ಲಿ ಅದನ್ನು ಪುಸ್ತಕ ಮಾಡಿ ಲಂಡನ್ನಿನಲ್ಲಿ ಪ್ರಕಟಿಸಿದಾಗ ಅದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು. ಒಬ್ಬನೇ ಮೇಷ್ಟ್ರನ್ನಿಟ್ಟುಕೊಂಡು ನೂರಾರು ಮಕ್ಕಳಿಗೆ ಕಲಿಸಬಹುದಾದ ಅಗ್ಗದ ದಾರಿ ಅದು.

ಅದೇ ಹೊತ್ತಿನಲ್ಲಿ ಕ್ವೇಕರ್ ಪಂಥದ ಜೋಸೆಫ್ ಲ್ಯಾಂಕಾಸ್ಟರ್ ಲಂಡನ್ನಿನ ಬರೋ ರಸ್ತೆಯಲ್ಲಿ ಅಂಥದೇ ಶಾಲೆ ನಡೆಸುತ್ತಿದ್ದ. ಪದ್ಧತಿ ಒಂದೇ ಆದರೂ ಮತ ಬೇರೆ. ಲ್ಯಾಂಕಾಸ್ಟರನ ಬೆಂಬಲಿಗರಲ್ಲಿ ಬಹುಮಂದಿ ರಾಜಮಾನ್ಯ ಆಂಗ್ಲಿಕನ್ ಚರ್ಚಿನಿಂದ ಹೊರಗಿದ್ದ ಭಿನ್ನಮತೀಯರು. ತಮ್ಮ ಶಾಲೆಗಳಲ್ಲಿ ಬೈಬಲ್ ಓದಿಸಬೇಕು, ಯಾವ ಪಂಥದ ಸಿದ್ಧಾಂತವನ್ನೂ ಹೇಳಿಕೊಡಬಾರದು ಎಂಬುದು ಅವರ ನಿಲುವು. ರಾಜಮಾನ್ಯ ಚರ್ಚಿಗೆ ಇದು ಒಪ್ಪಿಗೆಯಾಗಲಿಲ್ಲ. 1811ರಲ್ಲಿ ಚರ್ಚಿನವರು ನ್ಯಾಷನಲ್ ಸೊಸೈಟಿ ಸ್ಥಾಪಿಸಿ, ಬೆಲ್‌ನ ಪದ್ಧತಿಯಲ್ಲೇ ಊರೂರಿಗೆ ಶಾಲೆ ತೆರೆಯತೊಡಗಿದರು. ಅಲ್ಲಿ ಮಕ್ಕಳು ಚರ್ಚಿನ ಕ್ಯಾಟೆಕಿಸಂ ಬಾಯಿಪಾಠ ಮಾಡಬೇಕು. ಗುರು ಪ್ರಶ್ನೆ ಕೇಳಿದರೆ ಶಿಷ್ಯ ಗೊತ್ತುಪಡಿಸಿದ ಉತ್ತರವನ್ನೇ ಒಪ್ಪಿಸುವ ಕ್ರಮ ಅದು. ಲ್ಯಾಂಕಾಸ್ಟರನ ಕಡೆಯವರ ಸಂಸ್ಥೆ 1814ರಿಂದ ಬ್ರಿಟಿಷ್ ಆ್ಯಂಡ್ ಫಾರಿನ್ ಸ್ಕೂಲ್ ಸೊಸೈಟಿ ಎಂಬ ಹೆಸರಿನಲ್ಲಿ ನಡೆಯಿತು. 1833ರಲ್ಲಿ ಪಾರ್ಲಿಮೆಂಟು ಮೊದಲ ಬಾರಿಗೆ ಶಾಲಾಕಟ್ಟಡಗಳಿಗೆಂದು 20,000 ಪೌಂಡ್ ಮಂಜೂರು ಮಾಡಿದಾಗ ಆ ಹಣ ಹೋದದ್ದು ಈ ಎರಡು ಸಂಸ್ಥೆಗಳಿಗೆ. ಸರ್ಕಾರ ಶಿಕ್ಷಣಕ್ಕೆ ಕೈಹಾಕುವ ಮೊದಲೇ ಶಾಲೆ ಚರ್ಚುಗಳ ಕೈಯಲ್ಲಿತ್ತು ಎಂಬುದನ್ನು ಮರೆತರೆ ಮುಂದಿನ ಇತಿಹಾಸ ಅರ್ಥವಾಗುವುದಿಲ್ಲ.

1870ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದು ಚರ್ಚುಗಳ ಶಾಲೆ ಸಾಲದ ಕಡೆಗಳಲ್ಲಿ ಸರ್ಕಾರವೇ ಆ ಕೊರತೆ ತುಂಬಲೆಂದು. ಡಬ್ಲ್ಯು. ಇ. ಫಾರ್ಸ್ಟರ್ ಮಂಡಿಸಿದ ಈ ಕಾಯ್ದೆಯಂತೆ ತೆರಿಗೆದಾರರು ಶಾಲಾ ಮಂಡಳಿಗಳನ್ನು ಆರಿಸಬಹುದಾಗಿತ್ತು. ಮಂಡಳಿಗಳು ತೆರಿಗೆ ಹಾಕಿ ಶಾಲೆ ಕಟ್ಟಬಹುದಾಗಿತ್ತು. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಯಾರ ಧರ್ಮವನ್ನು ಕಲಿಸಬೇಕು ಎಂಬ ಪ್ರಶ್ನೆ ಆಗ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಂತಿತು. ಧರ್ಮವೇ ಬೇಡವೆಂದವರಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ 1869ರಲ್ಲಿ ಹುಟ್ಟಿ ಜೋಸೆಫ್ ಚೇಂಬರ್ಲೇನರಂಥ ರಾಜಕಾರಣಿಗಳ ಬಲ ಪಡೆದಿದ್ದ ನ್ಯಾಷನಲ್ ಎಜುಕೇಶನ್ ಲೀಗ್ ಪಂಥಗಳ ಹಿಡಿತವಿಲ್ಲದ ಶಾಲೆ ಕೇಳುತ್ತಿತ್ತು. ಚರ್ಚಿನ ಸಿದ್ಧಾಂತವಿಲ್ಲದ ಶಾಲೆ ಶಾಲೆಯೇ ಅಲ್ಲ ಎಂದವರೂ ಅಷ್ಟೇ ಮಂದಿ. ಈ ಎರಡು ಬಣಗಳ ನಡುವೆ ವಿಲಿಯಂ ಕೂಪರ್-ಟೆಂಪಲ್ ಎಂಬ ಸಂಸದ ಸೂಚಿಸಿದ ತಿದ್ದುಪಡಿ ಗೆದ್ದಿತು. ಮಂಡಳಿಯ ಶಾಲೆಗಳಲ್ಲಿ ಒಂದು ಪಂಥಕ್ಕಷ್ಟೇ ಸೇರಿದ ಯಾವ ಕ್ಯಾಟೆಕಿಸಂ ಅಥವಾ ಸಿದ್ಧಾಂತಸೂತ್ರವನ್ನೂ ಕಲಿಸಕೂಡದು ಎಂದು ಕಾಯ್ದೆಯ 14ನೇ ಕಲಮು ಹೇಳಿತು. ತಂದೆತಾಯಿ ಬೇಕಾದರೆ ಮಗುವನ್ನು ಧರ್ಮಪಾಠದಿಂದ ಬಿಡಿಸಿಕೊಳ್ಳಬಹುದೆಂದು 7ನೇ ಕಲಮು ಹೇಳಿತು. ಹಾಗೆ ಬಿಡಿಸಿಕೊಂಡ ಮಗುವಿಗೆ ಲೆಕ್ಕ, ಓದು ತಪ್ಪಬಾರದೆಂದು ಆ ಪಾಠವನ್ನು ದಿನದ ಮೊದಲಿಗೋ ಕೊನೆಗೋ ಇಡಬೇಕೆಂಬ ನಿಯಮವೂ ಸೇರಿತು. ಯಾವುದನ್ನು ಕಲಿಸಬಾರದು ಎಂದು ಇಷ್ಟು ಕಟ್ಟುನಿಟ್ಟಾಗಿ ಹೇಳಿದ ಕಾಯ್ದೆ ಯಾವುದನ್ನು ಕಲಿಸಬೇಕು ಎಂಬುದರ ಬಗ್ಗೆ ಏನೂ ಹೇಳಲಿಲ್ಲ.

ಇದೇ ಬ್ರಿಟಿಷ್ ಆಡಳಿತ ಭಾರತದಲ್ಲಿ ಬೇರೆಯ ದಾರಿ ಹಿಡಿದಿತ್ತು. 1854ರ ಚಾರ್ಲ್ಸ್ ವುಡ್‌ನ ಶಿಕ್ಷಣ ಆದೇಶ ಸರ್ಕಾರಿ ಶಾಲೆಗಳು ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕೆಂದು ವಿಧಿಸಿತು. ಮಂಗಳೂರಿನ ಬಾಸೆಲ್ ಮಿಷನ್ನಿನಂಥ ಸಂಸ್ಥೆಗಳು ತಮ್ಮ ಶಾಲೆಗಳಲ್ಲಿ ಬೈಬಲ್ ಪಾಠ ಹೇಳುತ್ತಿದ್ದವು. ಸರ್ಕಾರದ ಸ್ವಂತ ಶಾಲೆಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ತಾಯ್ನಾಡಿನಲ್ಲಿ ಬೈಬಲ್ ಇಲ್ಲದ ಶಾಲೆಯನ್ನು ಊಹಿಸಿಕೊಳ್ಳಲೂ ಒಪ್ಪದ ಅಧಿಕಾರವರ್ಗ ಪರದೇಶದಲ್ಲಿ ತಾಟಸ್ಥ್ಯವನ್ನು ವಿವೇಕವೆಂದು ಬಗೆಯಿತು. ಎರಡು ದೇಶಗಳ ಶಾಲೆಗಳು ಇಂದಿಗೂ ಬೇರೆ ಬೇರೆ ಹಾದಿಯಲ್ಲಿರುವುದರ ಬೇರು ಇಲ್ಲಿದೆ.

ಇತ್ತ ಇಂಗ್ಲೆಂಡಿನಲ್ಲಿ ಹೊಸ ಶಾಲಾ ಮಂಡಳಿಗಳು ತಮ್ಮ ತಮ್ಮ ತೀರ್ಮಾನಕ್ಕೆ ಬಂದವು. ಲಂಡನ್ ಮಂಡಳಿ 1871ರಲ್ಲಿ ಬೈಬಲ್ ಓದಿಸಿ, ಮಕ್ಕಳಿಗೆ ತಿಳಿಯುವಂತೆ ವಿವರಿಸಿ, ನೀತಿ ಹೇಳಿಕೊಡಬೇಕೆಂದು ನಿರ್ಣಯ ಮಾಡಿತು. ಅದನ್ನು ಬೆಂಬಲಿಸಿದವರಲ್ಲಿ ವಿಜ್ಞಾನಿ ಟಿ. ಎಚ್. ಹಕ್ಸ್‌ಲಿಯೂ ಇದ್ದ. ಅಜ್ಞೇಯವಾದಿ ಎಂಬ ಹೆಸರನ್ನು ತನಗೆ ತಾನೇ ಇಟ್ಟುಕೊಂಡಿದ್ದವ ಅವನು. ದೇವತಾಶಾಸ್ತ್ರವನ್ನು ಬದಿಗಿಟ್ಟರೆ ಬಡವರ ಮಕ್ಕಳಿಗೆ ಭಾಷೆ, ಇತಿಹಾಸ, ನೀತಿಪ್ರಜ್ಞೆ ಎಲ್ಲವನ್ನೂ ಕೊಡಬಲ್ಲ ಪುಸ್ತಕ ಬೈಬಲ್ಲಿನಂತೆ ಮತ್ತೊಂದಿಲ್ಲ ಎಂದು ಅವನು ನಂಬಿದ್ದ. ಬರ್ಮಿಂಗ್‌ಹ್ಯಾಮ್ ಮಂಡಳಿ 1873ರ ಚುನಾವಣೆಯ ಬಳಿಕ ಧರ್ಮಬೋಧನೆಯನ್ನೇ ಶಾಲೆಯ ಕೆಲಸದಿಂದ ತೆಗೆದುಹಾಕಿತು. ವೇಲ್ಸಿನ ಹಲವು ಮಂಡಳಿಗಳೂ ಹಾಗೇ ಮಾಡಿದವು. 1897ರಲ್ಲಿ ಹುಟ್ಟಿದ ಮಾರಲ್ ಇನ್‌ಸ್ಟ್ರಕ್ಷನ್ ಲೀಗ್ ಧರ್ಮದ ಬದಲು ನೀತಿಪಾಠ ಇರಲಿ ಎಂದಿತು. ಅದರ ಮುಖ್ಯ ಲೇಖಕ, ಲೆಸ್ಟರ್ ಮಂಡಳಿಯ ಸದಸ್ಯನಾಗಿದ್ದ ಎಫ್. ಜೆ. ಗೌಲ್ಡ್ ನೀತಿಕಥೆಗಳ ಪುಸ್ತಕಗಳನ್ನು ಬರೆದು, ಭಾರತಕ್ಕೂ ಬಂದು ಮಾದರಿ ಪಾಠ ಮಾಡಿ ತೋರಿಸಿದ.

1902ರ ಬಾಲ್ಫರ್ ಕಾಯ್ದೆ ಶಾಲಾ ಮಂಡಳಿಗಳನ್ನು ರದ್ದು ಮಾಡಿ, ಚರ್ಚಿನ ಶಾಲೆಗಳ ಖರ್ಚನ್ನೂ ಸ್ಥಳೀಯ ತೆರಿಗೆಗೆ ಹಾಕಿತು. ತಾವು ಒಪ್ಪದ ಮತದ ಬೋಧನೆಗೆ ತಮ್ಮ ದುಡ್ಡೇಕೆ ಎಂದು ಭಿನ್ನಮತೀಯರು ಸಿಡಿದೆದ್ದರು. ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಿಫರ್ಡ್ ಮುಂದಾಳಾಗಿ ತೆರಿಗೆ ನಿರಾಕರಣೆಯ ಚಳವಳಿ ನಡೆಯಿತು. ಸಾವಿರಾರು ಮನೆಗಳ ಸಾಮಾನು ಜಪ್ತಿಯಾಗಿ ಹರಾಜಾಯಿತು, ಕೆಲವರು ಜೈಲಿಗೂ ಹೋದರು. 1906ರಲ್ಲಿ ಲಿಬರಲ್ ಪಕ್ಷದ ಭಾರಿ ಗೆಲುವಿಗೆ ಈ ಸಿಟ್ಟೂ ಒಂದು ಕಾರಣ. ಆದರೂ ಕಾಯ್ದೆಯನ್ನು ತಿದ್ದುವ ಮಸೂದೆ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಬಿದ್ದುಹೋಯಿತು.

ಈ ಕಹಿ ತಣ್ಣಗಾಗಲು ಒಂದು ತಲೆಮಾರು ಬೇಕಾಯಿತು. ತಣ್ಣಗಾಗಿಸಿದ್ದು ಸ್ಥಳೀಯ ಮಟ್ಟದ ಮಾತುಕತೆ. 1920ರ ದಶಕದಲ್ಲಿ ಕೆಲವು ಜಿಲ್ಲೆಗಳಲ್ಲಿ ಆಂಗ್ಲಿಕನ್ನರು, ಭಿನ್ನಮತೀಯರು, ಶಿಕ್ಷಕರು, ವಿದ್ವಾಂಸರು ಕೂತು ಎಲ್ಲರೂ ಒಪ್ಪಬಹುದಾದ ಬೈಬಲ್ ಪಾಠಗಳ ಪಟ್ಟಿ ಸಿದ್ಧಪಡಿಸಿದರು. ಇದಕ್ಕೆ ‘ಒಪ್ಪಿತ ಪಠ್ಯಕ್ರಮ’ ಎಂದು ಹೆಸರು. 1924ರ ಕೇಂಬ್ರಿಡ್ಜ್‌ಶೈರ್ ಪಠ್ಯಕ್ರಮ ಎಷ್ಟು ಹೆಸರು ಮಾಡಿತೆಂದರೆ ದೂರದ ಜಿಲ್ಲೆಗಳೂ ಅದನ್ನೇ ಎತ್ತಿಕೊಂಡವು.

ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಸಚಿವ ಆರ್. ಎ. ಬಟ್ಲರ್ ತಂದ ಶಿಕ್ಷಣ ಕಾಯ್ದೆ ಈ ಒಪ್ಪಂದಕ್ಕೆ ಕಾನೂನಿನ ಬಲ ಕೊಟ್ಟಿತು. ನಾಜಿಗಳ ವಿರುದ್ಧದ ಹೋರಾಟ ಕ್ರೈಸ್ತ ನಾಗರಿಕತೆಯನ್ನು ಉಳಿಸುವ ಹೋರಾಟ ಎಂಬ ಭಾವನೆ ಆಗ ವ್ಯಾಪಕವಾಗಿತ್ತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಬಟ್ಲರ್ ಜೊತೆ ಮಾತುಕತೆ ನಡೆಸಿ ಚರ್ಚನ್ನು ಒಪ್ಪಿಸಿದರು. ಪ್ರತಿ ಶಾಲೆಯ ದಿನವೂ ಸಾಮೂಹಿಕ ಆರಾಧನೆಯಿಂದ ಆರಂಭವಾಗಬೇಕು, ಧರ್ಮಬೋಧನೆ ಇರಲೇಬೇಕು. ಲೆಕ್ಕ, ಇಂಗ್ಲಿಷ್, ವಿಜ್ಞಾನ ಯಾವುದನ್ನೂ ಹೆಸರಿಸಿ ಕಡ್ಡಾಯ ಮಾಡದ ಆ ಕಾಯ್ದೆ ಇದೊಂದನ್ನು ಮಾತ್ರ ಕಡ್ಡಾಯ ಮಾಡಿತು. ಪಠ್ಯಕ್ರಮವನ್ನು ರೂಪಿಸುವ ಸಭೆಯಲ್ಲಿ ನಾಲ್ಕು ಸಮಿತಿಗಳು: ಇಂಗ್ಲೆಂಡಿನ ಚರ್ಚು, ಇತರ ಪಂಥಗಳು, ಶಿಕ್ಷಕರ ಸಂಘಗಳು, ಸ್ಥಳೀಯ ಆಡಳಿತ. ನಾಲ್ಕೂ ಒಪ್ಪಿದರೆ ಮಾತ್ರ ಪಠ್ಯಕ್ರಮ. ತಂದೆತಾಯಿಯ ವಿನಾಯಿತಿಯ ಹಕ್ಕು ಉಳಿಯಿತು. ಮನಸ್ಸೊಪ್ಪದ ಶಿಕ್ಷಕರಿಗೂ ಅದು ದೊರೆಯಿತು.

ಯುದ್ಧಾನಂತರದ ಪ್ರಾಥಮಿಕ ಶಾಲೆಯ ಬೆಳಗು ಹೇಗಿತ್ತೆಂಬುದು ಆ ತಲೆಮಾರಿನವರಿಗೆಲ್ಲ ನೆನಪಿದೆ. ಸಭಾಂಗಣದ ನೆಲದ ಮೇಲೆ ಕಾಲು ಮಡಚಿ ಕೂತ ಮಕ್ಕಳು, ಪಿಯಾನೋ ಜೊತೆ ಒಂದು ಭಕ್ತಿಗೀತೆ, ಏಸು ಕಲಿಸಿದ ಪ್ರಾರ್ಥನೆ, ಮುಖ್ಯೋಪಾಧ್ಯಾಯರ ನಾಲ್ಕು ಮಾತು, ಆಮೇಲೆ ಆಟದ ಸಾಮಾನಿನ ಬಗ್ಗೆಯೋ ಕಳೆದುಹೋದ ಕೈಗವಸಿನ ಬಗ್ಗೆಯೋ ಪ್ರಕಟಣೆ. ಕ್ಯಾಥೊಲಿಕ್, ಯೆಹೂದಿ ಮನೆಯ ಕೆಲವು ಮಕ್ಕಳು ಅದು ಮುಗಿಯುವವರೆಗೆ ಹೊರಗೆ ಕಾಯುತ್ತಿದ್ದರು. ಶರತ್ಕಾಲದ ಸುಗ್ಗಿ ಹಬ್ಬಕ್ಕೆ ಮನೆಯಿಂದ ಹಣ್ಣು ತರಕಾರಿ, ಡಬ್ಬಿಯ ಆಹಾರ ತರುವುದು, ಕ್ರಿಸ್‌ಮಸ್ಸಿಗೆ ತಲೆಗೆ ಅಡಿಗೆಮನೆಯ ಟವೆಲ್ ಕಟ್ಟಿಕೊಂಡು ಕುರುಬರಾಗಿ ಏಸುವಿನ ಹುಟ್ಟಿನ ನಾಟಕವಾಡುವುದು, ಇವೇ ಮಕ್ಕಳ ಮನಸ್ಸಿನಲ್ಲಿ ನಿಂತವು. ತರಗತಿಯ ಪಾಠ ಅಷ್ಟಾಗಿ ನಿಲ್ಲಲಿಲ್ಲ. ಅದು ಇಸ್ರೇಲಿನ ರಾಜರು, ಪ್ರವಾದಿಗಳು, ಪೌಲನ ಪ್ರಯಾಣದ ನಕ್ಷೆಗಳ ನಡುವೆ ಸಾಗುತ್ತಿತ್ತು.

ಮಗುವನ್ನು ಕೇಳಿ ನೋಡೋಣ ಎಂದು ಹೊರಟವನು ಸಂಶೋಧಕ ರೊನಾಲ್ಡ್ ಗೋಲ್ಡ್‌ಮನ್. ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಆಲೋಚನೆಯ ಹಂತಗಳ ಬಗ್ಗೆ ಹೇಳಿದ್ದನ್ನು ಹಿಡಿದು, ಮೋಶೆ ಕಂಡ ಉರಿಯುವ ಪೊದೆ, ಕೆಂಪು ಸಮುದ್ರ ದಾಟಿದ್ದು, ಏಸುವಿಗೆ ಬಂದ ಪ್ರಲೋಭನೆ ಎಂಬ ಕಥೆಗಳನ್ನು ಮಕ್ಕಳಿಗೆ ಹೇಳಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನಿಸಿದ. 1964ರಲ್ಲಿ ಪ್ರಕಟವಾದ ಅವನ ಪುಸ್ತಕ ಶಿಕ್ಷಕರನ್ನು ಬೆಚ್ಚಿಬೀಳಿಸಿತು. ಸಂಕೇತಾರ್ಥದ ಕಥೆಗಳನ್ನು ಚಿಕ್ಕ ಮಕ್ಕಳು ಅಕ್ಷರಶಃ ಹಿಡಿಯುತ್ತಾರೆ. ಕಾಲಕ್ಕೆ ಮುಂಚೆ ತುರುಕಿದ ಬೈಬಲ್, ದೊಡ್ಡವರಾದ ಮೇಲೆ ಅದನ್ನೆಲ್ಲ ಬಾಲಿಶವೆಂದು ಎಸೆಯಲು ಕಾರಣವಾಗುತ್ತದೆ ಎಂಬುದು ಅವನ ವಾದ. ಗೋಲ್ಡ್‌ಮನ್ ಧರ್ಮವಿರೋಧಿಯಲ್ಲ, ಶ್ರದ್ಧಾವಂತ ಕ್ರೈಸ್ತ. ಮನೆ, ಗೆಳೆಯರು, ರೊಟ್ಟಿ, ಬೆಳಕು ಇಂಥ ಮಕ್ಕಳ ಅನುಭವದಿಂದ ಪಾಠ ಆರಂಭವಾಗಲಿ ಎಂದು ಅವನು ಸೂಚಿಸಿದ. ಅವನ ವಿಧಾನದ ದೋಷಗಳನ್ನು ಆಮೇಲಿನವರು ಬೇಕಾದಷ್ಟು ಎತ್ತಿ ತೋರಿಸಿದ್ದಾರೆ. ಕಥೆಯನ್ನು ಪೂರ್ತಿ ಅರ್ಥಮಾಡಿಕೊಳ್ಳದೆಯೂ ಮಗು ಅದರೊಳಗೆ ಬದುಕಬಲ್ಲದು ಎಂಬುದನ್ನು ಅವನು ಗಮನಿಸಲಿಲ್ಲ. ಆದರೂ ಧರ್ಮಪಾಠದ ಅಳತೆಗೋಲನ್ನು ಚರ್ಚಿನ ಕೈಯಿಂದ ಮಗುವಿನ ಕಡೆಗೆ ಸರಿಸಿದ ಕೀರ್ತಿ ಅವನದು.

1967ರ ಪ್ಲೌಡನ್ ವರದಿ ಪ್ರಾಥಮಿಕ ಶಾಲೆಗಳನ್ನು ಮಗುಕೇಂದ್ರಿತವಾಗಿಸಿದ ವರದಿಯೆಂದು ಪ್ರಸಿದ್ಧ. ಧರ್ಮದ ಅಧ್ಯಾಯದಲ್ಲಿ ಮಾತ್ರ ಅದು ಅಳುಕಿತು. ನಂಬಿಕೆ ನೆಲೆಗೊಳ್ಳುವ ಮೊದಲೇ ಸಂದೇಹ ಕಲಿಸಿ ಮಕ್ಕಳನ್ನು ಗೊಂದಲಕ್ಕೆ ಬೀಳಿಸಬಾರದು ಎಂದು ಬಹುಮತ ಅಭಿಪ್ರಾಯಪಟ್ಟಿತು. ದಾರ್ಶನಿಕ ಎ. ಜೆ. ಏಯರ್ ಸೇರಿದಂತೆ ಕೆಲವು ಸದಸ್ಯರು ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದರು.

ಅಷ್ಟರಲ್ಲಿ ತರಗತಿಗಳೇ ಬದಲಾಗಿದ್ದವು. ಪಂಜಾಬು, ಗುಜರಾತು, ಮೀರ್‌ಪುರ, ಸಿಲ್ಹೆಟ್, ಕೆರಿಬಿಯನ್ ದ್ವೀಪಗಳಿಂದ ಬಂದ ಕುಟುಂಬಗಳ ಮಕ್ಕಳು ಬರ್ಮಿಂಗ್‌ಹ್ಯಾಮ್, ಬ್ರ್ಯಾಡ್‌ಫರ್ಡ್, ಲೆಸ್ಟರ್, ಸೌತಾಲ್‌ಗಳ ಶಾಲೆ ಸೇರಿದರು. 1972ರಲ್ಲಿ ಉಗಾಂಡಾದಿಂದ ಹೊರದೂಡಲ್ಪಟ್ಟ ಏಷ್ಯನ್ನರ ಮಕ್ಕಳೂ ಬಂದರು. ಬೆಂಚಿನ ಮೇಲೆ ಸಿಖ್, ಮುಸ್ಲಿಂ, ಹಿಂದೂ ಮಕ್ಕಳು ಕೂತಿರುವಾಗ ಎಲ್ಲ ಪಂಥಗಳೂ ಒಪ್ಪುವ ಕ್ರೈಸ್ತಪಾಠ ಎಂಬ ಹಳೆಯ ರಾಜಿಗೆ ಅರ್ಥವೇ ಉಳಿಯಲಿಲ್ಲ.

ಹೊಸ ದಾರಿ ತೋರಿಸಿದವರಲ್ಲಿ ನಿನಿಯನ್ ಸ್ಮಾರ್ಟ್ ಮುಖ್ಯರು. 1967ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ವಿಭಾಗವನ್ನು ಕಟ್ಟಿದವರು ಅವರು. ಅದಕ್ಕೆ ಮೊದಲೇ, 1964ರಲ್ಲಿ, ಶಂಕರ, ರಾಮಾನುಜ, ಮಧ್ವರ ಸಿದ್ಧಾಂತಗಳನ್ನೂ ಬೌದ್ಧ ಜೈನ ವಾದಗಳನ್ನೂ ಪರಿಶೀಲಿಸುವ ಭಾರತೀಯ ದರ್ಶನಗಳ ಪುಸ್ತಕ ಬರೆದಿದ್ದರು. ಉಡುಪಿಯ ಆಚಾರ್ಯರ ತರ್ಕವನ್ನು ಗಂಭೀರವಾಗಿ ಓದಿದ ವಿದ್ವಾಂಸರೊಬ್ಬರು ಇಂಗ್ಲೆಂಡಿನ ಶಾಲಾಪಾಠದ ದಿಕ್ಕು ಬದಲಿಸಿದರು ಎಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಯಾವ ಧರ್ಮವನ್ನೂ ನಂಬಿಸಲಿಕ್ಕೂ ಅಲ್ಲ, ಅಲ್ಲಗಳೆಯಲಿಕ್ಕೂ ಅಲ್ಲ, ಆಚರಣೆ, ಕಥೆ, ಸಿದ್ಧಾಂತ, ನೀತಿ, ಅನುಭವ, ಸಮುದಾಯ ಎಂಬ ಮುಖಗಳಿಂದ ಸಹಾನುಭೂತಿಯಿಟ್ಟು ನೋಡಲು ಕಲಿಸಬೇಕು ಎಂದು ಅವರು ಹೇಳಿದರು. 1969ರಲ್ಲಿ ಕಂಬ್ರಿಯಾ ಸೀಮೆಯ ಶ್ಯಾಪ್ ಎಂಬಲ್ಲಿ ನಡೆದ ಸಮ್ಮೇಳನದಿಂದ ಹುಟ್ಟಿದ ಶ್ಯಾಪ್ ತಂಡ ವಿಶ್ವಧರ್ಮಗಳ ಪಾಠಸಾಮಗ್ರಿಯನ್ನೂ ಹಬ್ಬಗಳ ಕ್ಯಾಲೆಂಡರನ್ನೂ ಶಾಲೆಗಳಿಗೆ ಒದಗಿಸಿತು. ದೀಪಾವಳಿ ಯಾವತ್ತು, ಈದ್ ಯಾವತ್ತು, ಹನುಕ್ಕಾ ಯಾವತ್ತು ಎಂದು ಸಾವಿರಾರು ಶಿಕ್ಷಕರು ತಿಳಿದುಕೊಂಡದ್ದು ಆ ಕ್ಯಾಲೆಂಡರಿನಿಂದ.

1975ರ ಬರ್ಮಿಂಗ್‌ಹ್ಯಾಮ್ ಪಠ್ಯಕ್ರಮ ಈ ಬದಲಾವಣೆಯ ಮೈಲಿಗಲ್ಲು. ಅದನ್ನು ಮಾಡಿದ ಸಭೆಯಲ್ಲಿ ಮುಸ್ಲಿಮರು, ಹಿಂದೂಗಳು, ಸಿಖ್ಖರು, ಯೆಹೂದಿಗಳು ಕೂತಿದ್ದರು. ಮಕ್ಕಳನ್ನು ಕ್ರೈಸ್ತರನ್ನಾಗಿಸುವುದು ಉದ್ದೇಶವಲ್ಲ, ಧರ್ಮವನ್ನು ಅರಿಯುವಂತೆ ಮಾಡುವುದು ಉದ್ದೇಶ ಎಂದು ಆ ಪಠ್ಯಕ್ರಮ ಒಪ್ಪಿಕೊಂಡಿತು. ಮೊದಲ ಕರಡಿನಲ್ಲಿ ಮಾನವತಾವಾದ, ಕಮ್ಯುನಿಸಂ ಎಂಬ ಧರ್ಮೇತರ ನಿಲುವುಗಳೂ ಇದ್ದವು. ಇದರ ಸುತ್ತ ಎದ್ದ ಗದ್ದಲ ರಾಷ್ಟ್ರಮಟ್ಟದ ಸುದ್ದಿಯಾಯಿತು, ವಕೀಲರ ಅಭಿಪ್ರಾಯ ಪಡೆದು ಕರಡನ್ನು ತಿದ್ದಬೇಕಾಯಿತು. ದೇವರಿಲ್ಲದ ಜೀವನದೃಷ್ಟಿಗೂ ಈ ಪಾಠದಲ್ಲಿ ಜಾಗವಿದೆಯೇ ಎಂಬ ಪ್ರಶ್ನೆ ಅಂದು ತೆರೆದುಕೊಂಡದ್ದು ಅರ್ಧ ಶತಮಾನ ಕಳೆದರೂ ಮುಚ್ಚಿಲ್ಲ.

1988ರ ಶಿಕ್ಷಣ ಸುಧಾರಣಾ ಕಾಯ್ದೆ ದೇಶಕ್ಕೆಲ್ಲ ರಾಷ್ಟ್ರೀಯ ಪಠ್ಯಕ್ರಮ ತಂದರೂ ಧರ್ಮಶಿಕ್ಷಣವನ್ನು ಅದರ ಹೊರಗೇ ಇಟ್ಟಿತು. ಪಾಠ ಕಡ್ಡಾಯ, ಪಠ್ಯಕ್ರಮ ಸ್ಥಳೀಯ. ಬ್ರಿಟನ್ನಿನ ಧರ್ಮಪರಂಪರೆ ಮುಖ್ಯವಾಗಿ ಕ್ರೈಸ್ತವೆಂಬುದನ್ನು ಪಠ್ಯಕ್ರಮ ಪ್ರತಿಬಿಂಬಿಸಬೇಕು, ದೇಶದಲ್ಲಿರುವ ಇತರ ಪ್ರಮುಖ ಧರ್ಮಗಳ ಬೋಧನೆ ಆಚರಣೆಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದು ಕಾಯ್ದೆ ಹೇಳಿತು. ಇತರ ಧರ್ಮಗಳು ಕಾನೂನಿನ ಮಾತಿನಲ್ಲಿ ಕಾಣಿಸಿಕೊಂಡದ್ದು ಆಗಲೇ ಮೊದಲು. ಬೆಳಗಿನ ಆರಾಧನೆ ಒಟ್ಟಾರೆ ಕ್ರೈಸ್ತ ಸ್ವರೂಪದ್ದಾಗಿರಬೇಕೆಂಬ ಮಾತು ಲಾರ್ಡ್ಸ್ ಸಭೆಯ ಒತ್ತಾಯದಿಂದ ಸೇರಿತು. ಅದು ಹೊಂದದ ಶಾಲೆಗಳು ಧರ್ಮಶಿಕ್ಷಣದ ಸ್ಥಳೀಯ ಸಲಹಾ ಮಂಡಳಿಗೆ ಅರ್ಜಿ ಹಾಕಿ ಬೇರೆ ಬಗೆಯ ಆರಾಧನೆಗೆ ಅನುಮತಿ ಪಡೆಯಬಹುದಿತ್ತು. 1994ರಲ್ಲಿ ಕೇಂದ್ರದಿಂದ ಬಂದ ಎರಡು ಮಾದರಿ ಪಠ್ಯಕ್ರಮಗಳು ಕ್ರೈಸ್ತ, ಬೌದ್ಧ, ಹಿಂದೂ, ಇಸ್ಲಾಂ, ಯೆಹೂದಿ, ಸಿಖ್ ಎಂಬ ಆರು ಧರ್ಮಗಳನ್ನು ರೂಢಿಗೆ ತಂದವು.

ಈ ಆರು ಧರ್ಮಗಳು ಪ್ರಾಥಮಿಕ ತರಗತಿಗೆ ಬಂದದ್ದು ಬಹುತೇಕ ಪೆಟ್ಟಿಗೆಗಳಲ್ಲಿ. ಹಿಂದೂ ಪೆಟ್ಟಿಗೆಯಲ್ಲಿ ಪೂಜಾತಟ್ಟೆ, ಗಂಟೆ, ಕುಂಕುಮದ ಬಟ್ಟಲು, ಆರತಿ. ಇಸ್ಲಾಂ ಪೆಟ್ಟಿಗೆಯಲ್ಲಿ ನಮಾಜಿನ ಚಾಪೆ, ಕುರಾನ್ ಇಡುವ ಮರದ ಪೀಠ. ಕೈಯಲ್ಲಿ ಹಿಡಿದು ನೋಡುವುದು ಮಕ್ಕಳಿಗೆ ಇಷ್ಟ. ಆದರೆ ವಸ್ತುವಿನ ಹೆಸರು ಕಲಿಯುವುದಕ್ಕೂ ಅದನ್ನು ಬಳಸುವವರ ಮನಸ್ಸನ್ನು ತಿಳಿಯುವುದಕ್ಕೂ ದೂರವಿದೆ. ಈ ದೂರವನ್ನು ದಾಟಲು ಎರಡು ಒಳ್ಳೆಯ ಪ್ರಯತ್ನಗಳು ನಡೆದವು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಹಲ್, ಮೈಕೇಲ್ ಗ್ರಿಮಿಟ್ ಮತ್ತವರ ಸಂಗಡಿಗರು 1991ರಲ್ಲಿ ‘ಎ ಗಿಫ್ಟ್ ಟು ದ ಚೈಲ್ಡ್’ ಎಂಬ ಪಾಠಕ್ರಮ ಪ್ರಕಟಿಸಿದರು. ಅವರ ಪಾಠಗಳಲ್ಲಿ ಒಂದು ಧರ್ಮದಿಂದ ಒಂದೇ ಒಂದನ್ನು ಆರಿಸಿ ಪುಟ್ಟ ಮಕ್ಕಳ ಮುಂದಿಡುತ್ತಾರೆ: ಗಣೇಶನ ಮೂರ್ತಿ, ಮಸೀದಿಯ ಬಾಂಗು, ತಿಮಿಂಗಿಲದ ಹೊಟ್ಟೆ ಸೇರಿದ ಯೋನನ ಕಥೆ. ಮಕ್ಕಳು ಮೊದಲು ಅದರಲ್ಲಿ ತೊಡಗುತ್ತಾರೆ, ಆಮೇಲೆ ಕುತೂಹಲದಿಂದ ಶೋಧಿಸುತ್ತಾರೆ, ಬಳಿಕ ಅದು ಯಾರ ಬದುಕಿಗೆ ಸೇರಿದ್ದೆಂದು ತಿಳಿಯುತ್ತಾರೆ, ಕೊನೆಗೆ ತಮಗೇನನಿಸಿತೆಂದು ಮಾತಾಡುತ್ತಾರೆ. ಹತ್ತಿರ ಹೋಗುವ ಸ್ವಾತಂತ್ರ್ಯ, ಬೇಡವೆಂದರೆ ದೂರ ನಿಲ್ಲುವ ಸ್ವಾತಂತ್ರ್ಯ ಎರಡನ್ನೂ ಪಾಠದೊಳಗೇ ಹೆಣೆದದ್ದು ಈ ಪದ್ಧತಿಯ ಹೆಚ್ಚುಗಾರಿಕೆ. ಬೇರೆ ಮನೆಯ ದೇವರನ್ನು ಗೌರವದಿಂದ ಕಾಣುವುದಕ್ಕೆ ಕೈಮುಗಿಯಲೇಬೇಕಿಲ್ಲ ಎಂಬುದನ್ನು ಐದು ವರ್ಷದ ಮಗುವಿಗೂ ತಿಳಿಸಬಹುದೆಂದು ಅದು ತೋರಿಸಿಕೊಟ್ಟಿತು.

ಇನ್ನೊಂದು ಪ್ರಯತ್ನ ವಾರ್ವಿಕ್ ವಿಶ್ವವಿದ್ಯಾಲಯದ್ದು. ರಾಬರ್ಟ್ ಜಾಕ್ಸನ್ ಮತ್ತು ಎಲಿನಾರ್ ನೆಸ್ಬಿಟ್ ಕಾವೆಂಟ್ರಿಯ ಹಿಂದೂ ಕುಟುಂಬಗಳ ಮಕ್ಕಳ ಜೊತೆ ಕ್ಷೇತ್ರಕಾರ್ಯ ಮಾಡಿ 1993ರಲ್ಲಿ ಪುಸ್ತಕ ಬರೆದರು. ಪಠ್ಯಪುಸ್ತಕದ ಹಿಂದೂ ಧರ್ಮಕ್ಕೂ ಈ ಮನೆಗಳ ಬದುಕಿಗೂ ಅನೇಕ ಕಡೆ ತಾಳೆಯಾಗಲಿಲ್ಲ. ಗುಜರಾತಿ ಮನೆಯ ವ್ರತ ಪಂಜಾಬಿ ಮನೆಯಲ್ಲಿಲ್ಲ, ಒಂದು ಮನೆಯ ಗುರು ಇನ್ನೊಂದು ಮನೆಗೆ ಅಪರಿಚಿತ. ಹೀಗಾಗಿ ಧರ್ಮವನ್ನು ಒಂದೇ ಅಚ್ಚಿನ ವ್ಯವಸ್ಥೆಯೆಂದು ಹೇಳದೆ, ನಿಜವಾದ ಮಕ್ಕಳ ಮನೆಯಿಂದ ಪಾಠ ಕಟ್ಟಬೇಕೆಂದು ವಾರ್ವಿಕ್ ತಂಡ ಕಿರಿಯ ತರಗತಿಗಳಿಗೂ ಪುಸ್ತಕಗಳನ್ನು ಸಿದ್ಧಪಡಿಸಿತು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ನೆನೆದರೆ ಇದರ ಮಹತ್ವ ಗೊತ್ತಾಗುತ್ತದೆ. ರಾಮ ಸೀತೆ ಮತ್ತು ದೀಪಾವಳಿಯಲ್ಲೇ ಮುಗಿಯುವ ಪಾಠದಲ್ಲಿ ಇಷ್ಟಲಿಂಗ ಪೂಜಿಸುವ ಮನೆಯ ಮಗುವಾಗಲಿ, ದಿಗಂಬರ ಜೈನ ಮನೆಯ ಮಗುವಾಗಲಿ ತನ್ನ ಅಜ್ಜಿಯ ಧರ್ಮವನ್ನು ಕಾಣಲಾರದು.

ಸರ್ಕಾರಿ ನೆರವಿನ ಶಾಲೆಗಳ ಬಗೆಯೂ ಹಿಗ್ಗಿತು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಧಾರ್ಮಿಕ ಸಂಸ್ಥೆಗಳವು, ಬಹುಪಾಲು ಆಂಗ್ಲಿಕನ್ ಮತ್ತು ಕ್ಯಾಥೊಲಿಕ್. 1998ರಲ್ಲಿ ಲಂಡನ್ನಿನ ಬ್ರೆಂಟ್‌ನ ಇಸ್ಲಾಮಿಯಾ ಪ್ರಾಥಮಿಕ ಶಾಲೆಗೂ ಸರ್ಕಾರದ ಹಣ ಸಿಕ್ಕಿತು, 2008ರಲ್ಲಿ ಹ್ಯಾರೋದಲ್ಲಿ ಕೃಷ್ಣ ಅವಂತಿ ಎಂಬ ಮೊದಲ ಹಿಂದೂ ಸರ್ಕಾರಿ ಪ್ರಾಥಮಿಕ ಶಾಲೆ ತೆರೆಯಿತು.

ಇಷ್ಟೆಲ್ಲ ಸಿದ್ಧಾಂತದ ಭಾರ ಹೊತ್ತವರು ತರಗತಿ ಶಿಕ್ಷಕರು. ಪ್ರಾಥಮಿಕ ಶಾಲೆಯ ಶಿಕ್ಷಕಿ ಗಣಿತ, ಓದು, ವಿಜ್ಞಾನ, ಆಟ ಎಲ್ಲವನ್ನೂ ಒಬ್ಬಳೇ ಕಲಿಸುತ್ತಾಳೆ. ತರಬೇತಿಯ ವರ್ಷದಲ್ಲಿ ಧರ್ಮಶಿಕ್ಷಣಕ್ಕೆ ಸಿಗುವುದು ಕೆಲವೇ ಗಂಟೆ. ಪಾಠಯೋಜನೆ ತಯಾರಿಸಲು ಶಿಕ್ಷಕರಿಗೆ ವಾರದಲ್ಲಿ ಬಿಡುವು ಕೊಡುವ ನಿಯಮ 2005ರಲ್ಲಿ ಬಂದ ಮೇಲೆ, ಆ ಬಿಡುವಿನಲ್ಲಿ ಸಹಾಯಕರ ಕೈಗೆ ಒಪ್ಪಿಸುವ ಪಾಠ ಅನೇಕ ಕಡೆ ಇದೇ ಆಯಿತು. ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2010, 2013 ಮತ್ತು 2024ರ ವರದಿಗಳಲ್ಲಿ ಪಾಠದ ಮೇಲ್ಮೈತನವನ್ನೂ ಶಿಕ್ಷಕರಿಗೆ ಸಿಗದ ತರಬೇತಿಯನ್ನೂ ಎತ್ತಿ ಹೇಳಿದೆ. ಕಾನೂನಿನಲ್ಲಿ ಎಲ್ಲಕ್ಕಿಂತ ಮೊದಲು ಕಡ್ಡಾಯವಾದ ಪಾಠ ವೇಳಾಪಟ್ಟಿಯಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದಿರುವುದು ಶಿಕ್ಷಕರ ತಪ್ಪಲ್ಲ, ಅವರನ್ನು ಸಜ್ಜುಗೊಳಿಸದವರದು.

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಜನರಲ್ಲಿ ಕ್ರೈಸ್ತರೆಂದು ಬರೆಸಿದವರು ಶೇ. 46.2, ಧರ್ಮವಿಲ್ಲ ಎಂದವರು ಶೇ. 37.2. ಈ ಬದಲಾವಣೆಯ ಸುಳಿವು ಮೊದಲೇ ಇತ್ತು. 2015ರಲ್ಲಿ ಲಂಡನ್ನಿನ ಹೈಕೋರ್ಟು, ಧರ್ಮಶಿಕ್ಷಣದಲ್ಲಿ ಧರ್ಮೇತರ ದೃಷ್ಟಿಗಳಿಗೂ ಸಮಾನ ಗೌರವ ಸಲ್ಲಬೇಕೆಂಬ ಅರ್ಥದ ತೀರ್ಪು ಕೊಟ್ಟಿತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಡೀನ್ ಜಾನ್ ಹಾಲ್ ಅಧ್ಯಕ್ಷತೆಯ ಧರ್ಮಶಿಕ್ಷಣ ಆಯೋಗ 2018ರ ಸೆಪ್ಟೆಂಬರಿನಲ್ಲಿ ವರದಿ ಒಪ್ಪಿಸಿ, ಈ ವಿಷಯವನ್ನು ‘ಧರ್ಮ ಮತ್ತು ಲೋಕದೃಷ್ಟಿಗಳು’ ಎಂದು ಮರುರೂಪಿಸಬೇಕೆಂದಿತು. ಪ್ರತಿಯೊಬ್ಬರಿಗೂ ಲೋಕವನ್ನು ನೋಡುವ ಒಂದು ನೆಲೆಯಿದೆ. ಧರ್ಮಗಳು ಸಂಘಟಿತ ಲೋಕದೃಷ್ಟಿಗಳಾದರೆ, ಮಗುವಿಗೆ ತನ್ನದೇ ಆದ, ಇನ್ನೂ ರೂಪುಗೊಳ್ಳುತ್ತಿರುವ ದೃಷ್ಟಿಯೊಂದಿದೆ. ಆರು ಧರ್ಮಗಳ ಮಾಹಿತಿಯನ್ನು ತುಂಬುವ ಬದಲು ಈ ದೃಷ್ಟಿಗಳು ಹೇಗೆ ಹುಟ್ಟಿ ಬದಲಾಗುತ್ತವೆ ಎಂಬುದನ್ನು ಕಲಿಸಬೇಕೆಂಬುದು ಆಯೋಗದ ಆಶಯ. ಕ್ಯಾಥೊಲಿಕ್ ಶಿಕ್ಷಣ ಸಂಸ್ಥೆಯೂ ಯೆಹೂದಿಗಳ ಪ್ರತಿನಿಧಿ ಮಂಡಳಿಯೂ ಒಪ್ಪಲಿಲ್ಲ. ಧರ್ಮಗಳ ಆಳವಾದ ಅಧ್ಯಯನ ತೆಳುವಾದೀತು ಎಂಬುದು ಅವರ ಭಯ. ಸರ್ಕಾರವೂ ಶಿಫಾರಸುಗಳನ್ನು ಬದಿಗಿಟ್ಟಿತು. ಆದರೆ ಕಾನೂನು ಬದಲಾಗುವವರೆಗೆ ಕಾಯದೆ ಧರ್ಮಶಿಕ್ಷಣ ಪರಿಷತ್ತು ಈ ದೃಷ್ಟಿಯ ಪಠ್ಯಕ್ರಮ ಬರೆಯುವವರಿಗೆಂದು 2024ರಲ್ಲಿ ಕೈಪಿಡಿ ಹೊರತಂದಿತು, ಹಲವು ಸ್ಥಳೀಯ ಪಠ್ಯಕ್ರಮಗಳು ಆ ದಿಕ್ಕಿಗೆ ಹೊರಳಿದವು. ಅದಕ್ಕೆ ಮುಂಚೆ 2023ರಲ್ಲಿ, ಕೆಂಟ್ ಸೀಮೆಯ ಆಡಳಿತ ಮಾನವತಾವಾದಿಯೊಬ್ಬರಿಗೆ ಧರ್ಮಶಿಕ್ಷಣದ ಸ್ಥಳೀಯ ಸಲಹಾ ಮಂಡಳಿಯಲ್ಲಿ ಸದಸ್ಯತ್ವ ನಿರಾಕರಿಸಿದ್ದು ಕಾನೂನುಬಾಹಿರ ಎಂದು ಹೈಕೋರ್ಟು ತೀರ್ಪಿತ್ತಿತ್ತು.

ಭಾರತ ಇದೇ ಪ್ರಶ್ನೆಗೆ ಸಂವಿಧಾನದ 28ನೇ ವಿಧಿಯಲ್ಲಿ ಉತ್ತರ ಬರೆದುಕೊಂಡಿತು. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು 1964-66ರ ಕೊಠಾರಿ ಆಯೋಗ ವಿಂಗಡಿಸಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡನೆಯದಕ್ಕೆ ಅಡ್ಡಿಯಿಲ್ಲ ಎಂದಿತು. ಅಡ್ಡಿಯಿಲ್ಲದಿದ್ದರೂ ಅದಕ್ಕೆ ಬೇಕಾದ ಪಾಠಕ್ರಮವನ್ನಾಗಲಿ ಶಿಕ್ಷಕರ ತಯಾರಿಯನ್ನಾಗಲಿ ಕಟ್ಟುವ ಕೆಲಸ ಇಂಗ್ಲೆಂಡಿನಲ್ಲಿ ನಡೆದಂತೆ ಇಲ್ಲಿ ನಡೆದಿಲ್ಲ. ಬರ್ಮಿಂಗ್‌ಹ್ಯಾಮ್, ವಾರ್ವಿಕ್‌ಗಳ ಪ್ರಾಥಮಿಕ ಪಾಠಗಳು ಕನ್ನಡ ಶಿಕ್ಷಕರ ಗಮನಕ್ಕೆ ಬರಬೇಕಾದದ್ದು ಈ ಕಾರಣಕ್ಕೆ.

ಇಂಗ್ಲೆಂಡಿನ ನೆರೆಯ ವೇಲ್ಸ್ 2022ರ ಸೆಪ್ಟೆಂಬರಿನಿಂದ ಈ ವಿಷಯವನ್ನು ‘ಧರ್ಮ, ಮೌಲ್ಯಗಳು ಮತ್ತು ನೀತಿ’ ಎಂದು ಕರೆದು, ಧರ್ಮೇತರ ದಾರ್ಶನಿಕ ನಿಲುವುಗಳನ್ನೂ ಸೇರಿಸಿ, ಹೊಸ ಪಠ್ಯಕ್ರಮದಲ್ಲಿ ತಂದೆತಾಯಿಯ ವಿನಾಯಿತಿಯ ಹಕ್ಕನ್ನು ತೆಗೆದುಹಾಕಿತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಒಂದು ಪ್ರಾಥಮಿಕ ಶಾಲೆಯ ವಿದ್ಯಾರ್ಥಿನಿಯ ಪರವಾಗಿ ಹೂಡಿದ ದಾವೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ತೀರ್ಪು ಕೊಟ್ಟು, ಅಲ್ಲಿನ ಕ್ರೈಸ್ತಪರ ಪಠ್ಯಕ್ರಮ ವಸ್ತುನಿಷ್ಠವೂ ವಿಮರ್ಶಾತ್ಮಕವೂ ಬಹುತ್ವಕ್ಕೆ ತೆರೆದದ್ದೂ ಆಗಿಲ್ಲ ಎಂದಿತು. ಅದೇ ತಿಂಗಳು ಇಂಗ್ಲೆಂಡಿನಲ್ಲಿ ಬೆಕಿ ಫ್ರಾನ್ಸಿಸ್ ನೇತೃತ್ವದ ಪಠ್ಯಕ್ರಮ ಪರಿಶೀಲನಾ ಸಮಿತಿ ತನ್ನ ಅಂತಿಮ ವರದಿಯಲ್ಲಿ ಧರ್ಮಶಿಕ್ಷಣವನ್ನು ಹಂತಹಂತವಾಗಿ ರಾಷ್ಟ್ರೀಯ ಪಠ್ಯಕ್ರಮದೊಳಗೆ ತರಬೇಕೆಂದು ಸಲಹೆ ಮಾಡಿತು. ಅದಕ್ಕೆ ಮೊದಲು ಧಾರ್ಮಿಕ ಸಂಸ್ಥೆಗಳು, ಮಾನವತಾವಾದಿಗಳು, ಶಿಕ್ಷಕರು ಒಂದು ಸಮಾನ ಕರಡಿಗೆ ಒಪ್ಪಬೇಕು.